ಸಮುದಾಯ ಭವನದ ಕೀಲಿಕೈ ಯಾರ ಹತ್ರ ಐತಿ?

ಕಳೆದ ಸುಗ್ಗಿಯ ಒಂದು ಸಂಜೆ. ಊರ ಮುಂದಿನ ಡಾಂಬರು ರಸ್ತೆಯ ಮೇಲೆ ಅರ್ಧ ಊರಿನ ಗೋವಿನಜೋಳ ಹರವಿತ್ತು. ನೋಡನೋಡುತ್ತಲೇ ಮೋಡ ಕಟ್ಟಿತು, ಗಾಳಿ ಎದ್ದಿತು, ಹನಿ ಬೀಳಲಿಕ್ಕೆ ಹತ್ತಿತು. ಗಂಡಸರು, ಹೆಂಗಸರು, ಸಾಲಿ ಹುಡುಗರು ಎಲ್ಲರೂ ಓಡಿಬಂದು ಕಾಳು ಬಳಿದು, ರಾಶಿ ಮಾಡಿ, ತಾಡಪಾಲು ಹೊದಿಸಿದೆವು. ಅಲ್ಲಿಂದ ನೂರು ಹೆಜ್ಜೆ ದೂರದಾಗ ನಮ್ಮೂರ ಸಮುದಾಯ ಭವನ ಐತಿ. ಆರ್‌ಸಿಸಿ ಮಾಳಿಗೆ, ನೆಲಕ್ಕೆ ಫರಸಿ, ಬಾಗಿಲಿಗೆ ದೊಡ್ಡ ಕೀಲಿ. ಕೀಲಿಕೈ ಇಟ್ಟುಕೊಂಡವರು ಹುಬ್ಬಳ್ಳಿಗೆ ಹೋಗಿದ್ದರು. ರಾತ್ರಿ ಹತ್ತಕ್ಕೆ ಅವರು ಬಂದು ಬಾಗಿಲು ತೆಗೆಯುವಷ್ಟರಾಗ ತಾಡಪಾಲಿನ ಕೆಳಗೆ ನೀರು ಹರಿದು ಹೋಗಿತ್ತು. ನಾಲ್ಕು ದಿನಕ್ಕೆ ಕಾಳು ಬೂಸರು ಹಿಡಿಯಿತು. ಅದರಾಗ ನನ್ನವೂ ಎಂಟು ಚೀಲ ಇದ್ದವು.

ಇದಾಗಿ ತಿಂಗಳು ಕಳೆದಿರಲಿಲ್ಲ, ಹನುಮಪ್ಪನ ಗುಡಿ ಕಟ್ಟಿ ಮೇಲೆ ಹಿರಿಯರು ಸೇರಿದರು. ವಿಷಯ ಏನು? ಊರಿಗೆ ಇನ್ನೊಂದು ಭವನ ಬೇಕು, ಶಾಸಕರಿಗೆ ಅರ್ಜಿ ಕೊಡಬೇಕು, ಎಲ್ಲಾರೂ ಸಹಿ ಮಾಡ್ರಿ ಅಂತ. ನಾನು ಸಹಿ ಮಾಡಲಿಲ್ಲ. ಯಾಕ ಅಂತ ಕೇಳಿದವರಿಗೆಲ್ಲ ಅಲ್ಲಿ ನಿಂತು ಹೇಳಲಿಕ್ಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತೀನಿ. ಊರಿನ ಹೆಸರು ಹೇಳುವುದಿಲ್ಲ. ಕಲಘಟಗಿ ತಾಲೂಕಿನ ಯಾವ ಊರಾದರೂ ಆಗಬಹುದು. ತಂಬೂರದಿಂದ ಹಿಡಿದು ನವಲಗುಂದದ ಎರಿ ಸೀಮೆತನಕ ಹೋಗಿ ನೋಡ್ರಿ, ಹೆಚ್ಚು ಕಡಿಮೆ ಇದೇ ಕತಿ.

ಭವನ ಬರೋಕಿಂತ ಮೊದಲು

ನಮ್ಮ ಹಿರಿಯರಿಗೆ ಕೂಡಿ ಕೂಡಲಿಕ್ಕೆ ಜಾಗ ಇರಲಿಲ್ಲ ಅಂತಲ್ಲ. ಮೊದಲನೇ ಜಾಗ ಗುಡಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋದವರು ಅಲ್ಲಿನ ಕಂಬಗಳ ಸಾಲು ನೋಡಿರ್ತೀರಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಸುಮಾರು 1050ರ ಹೊತ್ತಿಗೆ ಕಟ್ಟಿದ್ದು ಅಂತ ಹೇಳುತ್ತಾರೆ. ದೇವರು ಕೂಡುವ ಗರ್ಭಗುಡಿ ಸಣ್ಣದು, ಮಂದಿ ಕೂಡುವ ಮಂಟಪ ದೊಡ್ಡದು. ಆ ಕಾಲದ ನಮ್ಮ ಸೀಮೆಯ ಶಾಸನಗಳಲ್ಲಿ ಮಹಾಜನರು, ಒಕ್ಕಲು, ಗೌಡರು ಕೂಡಿ ಭೂಮಿ ದಾನ ಕೊಟ್ಟ, ತೆರಿಗೆ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಗುಡಿ ಅಂದರ ಪೂಜೆಗೆ ಮಾತ್ರ ಅಲ್ಲ, ಊರಿನ ಕೆಲಸಕ್ಕೂ ಜಾಗ. ಇವತ್ತಿಗೂ ನಮ್ಮ ಕಡೆ ತಂಬೂರ ಬಸವಣ್ಣನ ಗುಡಿಗೆ ಹೋದವರು ಕಾಯಿ ಒಡೆಸಿ ತಿರುಗಿ ಬರೋದಿಲ್ಲ. ಅಲ್ಲೇ ಕೂತು ಎತ್ತಿನ ವಿಚಾರ, ಬೀಗರ ವಿಚಾರ, ಮಳಿಯ ವಿಚಾರ ಮಾತಾಡಿ ಬರುತ್ತಾರೆ.

ಎರಡನೇ ಜಾಗ ಚಾವಡಿ. ಮಲೆನಾಡ ಸೆರಗಿನ ನಮ್ಮ ಕಡೆ ಹಂಚಿನದು, ನವಲಗುಂದ ಅಣ್ಣಿಗೇರಿ ಕಡೆ ಮಣ್ಣಿನ ಮ್ಯಾಳಿಗಿಯದು. ಮುಂಬಯಿ ಸರಕಾರದ ಕಾಲದಾಗ ಗೌಡ, ಕುಲಕರ್ಣಿ ಕೂತು ಪಟ್ಟಿ ವಸೂಲಿ ಮಾಡುತ್ತಿದ್ದದ್ದು ಅಲ್ಲೇ. ತಳವಾರ, ವಾಲೀಕಾರ ಕಾಯ್ದು ನಿಲ್ಲುತ್ತಿದ್ದದ್ದು ಅಲ್ಲೇ. ಬದುವಿನ ಜಗಳ, ದನ ಹೊಲ ಹೊಕ್ಕ ಜಗಳ, ಅಣ್ಣತಮ್ಮಂದಿರ ಪಾಲು ಎಲ್ಲಾ ಅಲ್ಲೇ ಬಗೆಹರಿಯುತ್ತಿತ್ತು. ಪರಊರಿನಿಂದ ಬಂದವ ರಾತ್ರಿ ತಂಗಲಿಕ್ಕೂ ಚಾವಡಿಯೇ ಆಸರ.

ಇನ್ನು ಗರಡಿ ಮನಿ, ಭಜನಿ ಗುಡಿ, ಮೊಹರಂ ದೇವರು ಕೂಡಿಸುವ ಮನಿ ಇದ್ದವು. ಬಯಲಾಟ ಕಲಿಯುವ ಹುಡುಗರಿಗೆ ಯಾರದೋ ಹಿತ್ತಲದ ಕಣ ಇತ್ತು. ಲಂಬಾಣಿ ತಾಂಡಾದಾಗ ನಾಯಕನ ಮನಿ ಮುಂದಿನ ಬಯಲು, ಸೇವಾಲಾಲರ ಗುಡಿ ಇದ್ದವು. ಇದ್ಯಾವುದಕ್ಕೂ ಸರಕಾರ ರೊಕ್ಕ ಕೊಟ್ಟಿರಲಿಲ್ಲ, ಯಾವುದಕ್ಕೂ ಉದ್ಘಾಟನೆಯ ಕಲ್ಲು ಇರಲಿಲ್ಲ.

ಚಾವಡಿ ಮೆಟ್ಟಿಲು ಹತ್ತದವರು

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂಗ ಆಗುತ್ತದೆ. ನಮ್ಮ ಹೊಲದ ಬಾಜೂಕ ಒಬ್ಬ ಹಿರಿಯರ ಹೊಲ ಐತಿ. ದಲಿತ ಕೇರಿಯವರು. ನಾನು ಒಮ್ಮೆ ಬದುವಿನ ಮೇಲೆ ಕೂತು, "ಹಿಂದಕ ಚಾವಡಿ ಇದ್ದಾಗ ಊರು ಎಷ್ಟು ಚಂದ ಇತ್ತು ನೋಡ್ರಿ ಕಾಕಾ" ಅಂದೆ. ಅವರು ಬೀಡಿ ಆರಿಸಿ ಹೇಳಿದರು: "ಚಂದ ಇತ್ತಪಾ, ಒಳಗ ಕೂತವರಿಗೆ. ನಿಮಗ ಗುಡಿ ಇತ್ತು, ಚಾವಡಿ ಇತ್ತು. ನಮಗ ಹೊರಗಿನ ಹುಣಸೀ ಗಿಡ ಇತ್ತು. ಮಳಿ ಬಂದರ ಅದೂ ಸೋರತಿತ್ತು."

ನನಗ ತಿರುಗಿ ಮಾತು ಬರಲಿಲ್ಲ. ಅವರು ಹೇಳಿದ್ದು ಖರೆ. ಚಾವಡಿಯಾಗ ನ್ಯಾಯ ನಡೆಯುವಾಗ ದಲಿತರು ಕೆಳಗೆ ನಿಲ್ಲಬೇಕಿತ್ತು. ಹೆಣ್ಣುಮಕ್ಕಳು ಆ ಓಣಿಯಾಗ ತಲಿ ಮೇಲೆ ಸೆರಗು ಎಳಕೊಂಡು ಸರಸರ ಹಾದು ಹೋಗುತ್ತಿದ್ದರು, ತಮ್ಮದೇ ಹೊಲದ ನ್ಯಾಯ ಇದ್ದರೂ ಅವರ ಪರವಾಗಿ ಗಂಡಸರೇ ಮಾತಾಡಬೇಕು. ಹಿಂಗಾಗಿ ಹಳೇದೆಲ್ಲಾ ಬಂಗಾರ ಅನ್ನುವ ಮಾತು ಬ್ಯಾಡ. ನಮ್ಮ ಹಿರಿಯರು ಕೂಡುವುದನ್ನು ಕಲಿಸಿದರು, ಎಲ್ಲಾರನ್ನೂ ಕೂಡಿಸಿಕೊಳ್ಳುವುದನ್ನು ಕಲಿಸಲಿಲ್ಲ.

ಕಾಲ ಬದಲಾಯಿತು. 1950ರಲ್ಲಿ ಮುಂಬಯಿ ಸರಕಾರ ಕುಲಕರ್ಣಿ ವತನ ರದ್ದು ಮಾಡುವ ಕಾಯ್ದೆ ತಂತು. 1956ರ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಕಾಯ್ದೆಯಿಂದ ಉಳಿದ ಗ್ರಾಮ ವತನಗಳೂ ಹೋದವು. ಗೌಡಕಿ ಹೋಯಿತು, ತಲಾಠಿ ಬಂದ. ಚಾವಡಿ ಅವನ ಕಚೇರಿ ಆಯಿತು, ಇಲ್ಲಾ ಹಾಳುಬಿತ್ತು. ಗೌಡಕಿ ಹೋಗಿದ್ದು ಒಳ್ಳೇದೇ ಆಯಿತು. ಆದರೆ ಅದರ ಜೋಡಿ ಊರು ಕೂಡುವ ಜಾಗಾನೂ ಹೋಯಿತು. ಆ ಜಾಗಕ್ಕೆ ಎಲ್ಲಾರೂ ಮೆಟ್ಟಿಲು ಹತ್ತುವಂಥ ಇನ್ನೊಂದನ್ನು ನಾವು ಕಟ್ಟಬೇಕಿತ್ತು. ಕಟ್ಟಲಿಲ್ಲ.

ಕೂಡಿ ಕೂತರೆ ಏನಾಗುತ್ತದೆ

ಕೂಡೋದರಿಂದ ರೈತನಿಗೆ ಏನು ಸಿಗುತ್ತದೆ ಅಂತ ಕೇಳುವವರಿಗೆ ನಮ್ಮ ಸೀಮೆಯ ಎರಡು ಉದಾಹರಣೆ ಹೇಳುತ್ತೇನೆ.

ಒಂದು, ಕನಗಿನಹಾಳ. ಈಗ ಗದಗ ಜಿಲ್ಲೆ, ಆಗ ನಮ್ಮ ಧಾರವಾಡ ಜಿಲ್ಲೆಯದೇ. 1904ರಲ್ಲಿ ಸರಕಾರ ಸಹಕಾರಿ ಸಂಘಗಳ ಕಾಯ್ದೆ ಮಾಡಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಾಗ ಈ ಹಳ್ಳಿಯ ಒಕ್ಕಲಿಗರು ಸಹಕಾರಿ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ಬಿಡಿಸಿಕೊಳ್ಳಬೇಕು ಅನ್ನುವುದೇ ಅದರ ಮೂಲ. ನಮ್ಮ ದೇಶದ ಸಹಕಾರಿ ಚಳವಳಿ ಅಂದಾಗ ಇವತ್ತಿಗೂ ಮೊದಲು ಬರುವ ಹೆಸರು ಆ ಸಣ್ಣ ಹಳ್ಳಿಯದು. ಒಬ್ಬರಿಗೊಬ್ಬರು ಜಾಮೀನು ಆಗುವಷ್ಟು ನಂಬಿಕೆ ಪತ್ರ ಬರೆದು ಹುಟ್ಟುವುದಲ್ಲ. ದಿನಾ ಮುಖ ನೋಡಿ, ಕೂತು ಮಾತಾಡಿದ ಊರಾಗ ಹುಟ್ಟುತ್ತದೆ.

ಎರಡು, ನವಲಗುಂದ. ಮಲಪ್ರಭೆಯ ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಬೆಟರಮೆಂಟ್ ಲೇವಿ ಅನ್ನುವ ಕರ ಬಂತು. ರೈತರು ಹಳ್ಳಿಹಳ್ಳಿಯಲ್ಲಿ ಕೂಡಿದರು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು, ನರಗುಂದದಾಗ ಪೊಲೀಸರೂ ಸತ್ತರು. ಆ ದಿನವನ್ನು ಇವತ್ತಿಗೂ ರೈತ ಹುತಾತ್ಮ ದಿನ ಅಂತ ಮಾಡುತ್ತೇವೆ. ರಾಜ್ಯದ ರೈತ ಸಂಘ ಹುಟ್ಟಿದ್ದೂ ಅದೇ ವರ್ಷ. ಮುಂದೆ 2015ರಲ್ಲಿ ಮಹದಾಯಿ ನೀರಿಗಾಗಿ ನರಗುಂದ, ನವಲಗುಂದದಾಗ ಮತ್ತೆ ಧರಣಿ ಶುರುವಾದಾಗ ರೈತರು ಪೆಂಡಾಲು ಹಾಕಿ ಕೂತರು. ಸುದ್ದಿ ಓದುವುದು, ಊಟ ಹಂಚುವುದು, ಹಾಡು, ಜಗಳ ಎಲ್ಲಾ ಆ ಪೆಂಡಾಲಿನಾಗ. ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಯ ನಿಜವಾದ ಸಮುದಾಯ ಭವನ ಆ ಪೆಂಡಾಲು. ನಾಲ್ಕು ಗಳ, ಒಂದು ಅರಿವಿ, ಬಾಗಿಲೇ ಇಲ್ಲ. ಕೀಲಿ ಹಾಕೋದೆಲ್ಲಿ?

ಕೂಡೋದು ಹೋರಾಟಕ್ಕಷ್ಟೇ ಅಲ್ಲ. ಕುಂದಗೋಳದ ನಾಡಗೀರ ವಾಡೆ ಒಂದು ಮನೆತನದ್ದು. ಆದರೆ ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರಂಥ ಶಿಷ್ಯರಿಗೆ ಪಾಠ ಹೇಳಿದ ಊರು ಅದು. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ ಅವರ ಪುಣ್ಯತಿಥಿಗೆ ಆ ವಾಡೆಯಾಗ ರಾತ್ರಿಯಿಡೀ ಸಂಗೀತ ನಡೆಯುತ್ತ ಬಂತು. ಖಾಸಗಿ ಮನಿಯ ಬಾಗಿಲು ಊರಿಗೆ ತೆರೆದು ಸಭಾಭವನ ಆಯಿತು. ನಮ್ಮಲ್ಲಿ ಊರಿನ ರೊಕ್ಕದಿಂದ ಕಟ್ಟಿದ ಸಭಾಭವನ ಬಾಗಿಲು ಹಾಕಿಕೊಂಡು ಯಾರದೋ ಖಾಸಗಿ ಮನಿ ಆಗೇತಿ.

ಭವನ ಬಂದದ್ದು ಹೆಂಗ

1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ಆಗಿ ಮಂಡಲ ಪಂಚಾಯತಿ ಬಂದವು. 1993ರಲ್ಲಿ ಹೊಸ ಕಾಯ್ದೆ, ಗ್ರಾಮ ಪಂಚಾಯತಿ, ಗ್ರಾಮಸಭೆ ಬಂದವು. ಅದೇ 1993ರ ಡಿಸೆಂಬರದಾಗ ಸಂಸತ್ ಸದಸ್ಯರ ಪ್ರದೇಶಾಭಿವೃದ್ಧಿ ನಿಧಿ ಶುರುವಾಯಿತು. ಮೊದಲ ವರ್ಷ ಒಬ್ಬ ಸಂಸದರಿಗೆ 5 ಲಕ್ಷ, 1994-95ಕ್ಕೆ 1 ಕೋಟಿ, 1998-99ಕ್ಕೆ 2 ಕೋಟಿ, 2011-12ಕ್ಕೆ 5 ಕೋಟಿ ಆಯಿತು. ಶಾಸಕರ ನಿಧಿಯೂ ಬಂತು, ಇಲಾಖೆಗಳ ಅನುದಾನವೂ ಬಂತು. ಊರೂರಿಗೆ ಭವನ ಎದ್ದದ್ದು ಇದರಿಂದ.

ರೊಕ್ಕ ಬಂದದ್ದು ಕೆಟ್ಟದ್ದಲ್ಲ. ಕೆಟ್ಟದ್ದು ಕೇಳುವ ರೀತಿ. ಚುನಾವಣೆ ಹತ್ತಿರ ಬಂದಾಗ ಒಂದೊಂದು ಸಮಾಜದವರು ಹೋಗಿ "ನಮ್ಮ ಮಂದಿಗೆ ಒಂದು ಭವನ" ಅನ್ನುತ್ತಾರೆ. ಕೊಡುವವರಿಗೂ ಇದು ಹಗುರ. ಕೆರಿ ಹೂಳು ತೆಗೆಸಿದರೆ ಅದರ ಮೇಲೆ ಹೆಸರು ಬರೆಯಲಿಕ್ಕೆ ಬರೋದಿಲ್ಲ, ಭವನದ ಮೇಲೆ ಬರೆಯಬಹುದು. ಕಟ್ಟಲಿಕ್ಕೆ ರೊಕ್ಕ ಐತಿ, ಆಮೇಲೆ ಲೈಟ್ ಬಿಲ್ ತುಂಬಲಿಕ್ಕೆ, ಸುಣ್ಣ ಬಳಿಯಲಿಕ್ಕೆ, ಕಸ ಹೊಡೆಯಲಿಕ್ಕೆ ಇಲ್ಲ. ಹಿಂಗಾಗಿ ಎರಡು ವರ್ಷ ಮದುವಿ, ಮೂರನೇ ವರ್ಷ ಗೊಬ್ಬರದ ಚೀಲ, ನಾಲ್ಕನೇ ವರ್ಷ ಹೊಟ್ಟು ಮೇವು, ಐದನೇ ವರ್ಷ ಇಸ್ಪೀಟು. ಗ್ರಾಮಸಭೆ ಮಾತ್ರ ಸಾಲಿ ಅಂಗಳದಾಗ ಬಿಸಿಲಾಗ ನಡೆಯುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ದಲಿತ ಕೇರಿಯ ಅಂಬೇಡ್ಕರ್ ಭವನದ ವಿರುದ್ಧ ನಾನು ಬರೆಯುತ್ತಿಲ್ಲ. ಹುಣಸೀ ಗಿಡದ ಕೆಳಗೆ ಕೂತವರಿಗೆ ಒಂದು ಮಾಳಿಗೆ ಬೇಕಿತ್ತು, ಅದು ಅವರ ಹಕ್ಕು. ಅಲ್ಲಿ ಸಂಜೆ ಹುಡುಗರು ಓದುವುದನ್ನು ನಾನು ಕಂಡೀನಿ. ನಾನು ಹೇಳುವುದು ನಮ್ಮಂಥವರಿಗೆ, ಗುಡಿ ಇದ್ದೂ, ಮಠ ಇದ್ದೂ, ಇರೋ ಭವನಕ್ಕೆ ಕೀಲಿ ಜಡಿದೂ, ಮತ್ತೊಂದು ಕೇಳುವವರಿಗೆ. ನಾವು ಬಾಗಿಲು ಹಾಕಿದ್ದಕ್ಕೇ ಒಬ್ಬೊಬ್ಬರು ತಮ್ಮ ತಮ್ಮ ಬಾಗಿಲು ಮಾಡಿಕೊಳ್ಳಬೇಕಾಯಿತು.

ಮದುವಿ ಲೆಕ್ಕ

ಮೊದಲು ಮದುವಿ ಅಂದರೆ ಮನಿ ಮುಂದೆ ಹಂದರ. ಗಳ ಒಬ್ಬರದು, ತಪ್ಪಲ ಒಬ್ಬರದು, ಹಗ್ಗ ಒಬ್ಬರದು. ಓಣಿಯ ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡಿಯುತ್ತಿದ್ದರು. ಗೋಧಿ ಹುಗ್ಗಿ, ಬದನೀಕಾಯಿ ಪಲ್ಯ, ಅನ್ನ ಸಾರು. ನಮ್ಮ ಮನ್ಯಾಗ ಕೆಲಸ ಮಾಡಿದವರ ಮನ್ಯಾಗ ನಾಳೆ ನಾವು ಮಾಡಬೇಕು, ಮುಯ್ಯಿಗೆ ಮುಯ್ಯಿ. ಈಗ ಪ್ಯಾಟಿಯ ಮಂಗಲ ಕಾರ್ಯಾಲಯ.

ಲೆಕ್ಕ ಹಾಕ್ರಿ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ. ಮಳಿ ನಂಬಿದ ಒಂದು ಎಕರೆಗೆ 20 ಕ್ವಿಂಟಲ್ ಬಂತು ಅನ್ನೋಣ. ಆ ದರ ಪೂರ್ತಿ ಸಿಕ್ಕರೂ 48000 ರೂಪಾಯಿ. ಅದರಾಗ ಬೀಜ, ಗೊಬ್ಬರ, ಆಳು, ಮಷೀನು ತೆಗೆದರೆ ಉಳಿಯೋದು ಎಷ್ಟು ಅಂತ ನಿಮಗ ಗೊತ್ತು. ಅಷ್ಟನ್ನೂ ಒಂದು ದಿನದ ಕಾರ್ಯಾಲಯದ ಬಾಡಿಗಿಗೆ ಕೊಟ್ಟು, ಅಡಿಗಿಯವರಿಗೆ ಮತ್ತೆ ಸಾಲ ಮಾಡುತ್ತೇವೆ. ಇಷ್ಟು ಮಾಡಲಿಕ್ಕೆ ಕಾರಣ ಏನು? ಊರ ಭವನದಾಗ ನೀರಿಲ್ಲ, ಪಾಯಖಾನಿ ಇಲ್ಲ, ಅಡಿಗಿಗೆ ಜಾಗ ಇಲ್ಲ, ಬೀಗರ ಮುಂದೆ ಮರ್ಯಾದಿ ಹೋಗುತ್ತದೆ ಅಂತ. ಹೊಸ ಭವನಕ್ಕೆ ಕೇಳುವ ರೊಕ್ಕದ ಕಾಲು ಭಾಗದಾಗ ಹಳೇ ಭವನಕ್ಕೆ ಇವನ್ನೆಲ್ಲಾ ಮಾಡಿಸಬಹುದು.

ಸುಗ್ಗಿಯ ಲೆಕ್ಕವೂ ಅಷ್ಟೇ. ಗೋವಿನಜೋಳ ಖರೀದಿಗೆ ತೇವ ಶೇ. 14ರ ಒಳಗೆ ಇರಬೇಕು ಅನ್ನುತ್ತಾರೆ. ಹಸಿ ಕಾಳು ಒಯ್ದರೆ ದಲಾಲರು ಕಡಿತ ಹಾಕುತ್ತಾರೆ. ತೊಯ್ದು ಬೂಸರು ಬಂದದ್ದು ಕೋಳಿಗೂ ವಿಷ, ದನಕ್ಕೂ ವಿಷ. ರಸ್ತೆ ಮೇಲೆ ಒಣಹಾಕಿದರೆ ಬೈಕಿನವರು ಜಾರಿ ಬೀಳುತ್ತಾರೆ. ಭವನದ ಮುಂದೆ ಒಂದು ಸಿಮೆಂಟಿನ ಕಣ ಇದ್ದು, ಮಳಿ ಬಂದಾಗ ಎರಡು ರಾತ್ರಿ ಒಳಗೆ ಎಳೆದು ಹಾಕಲಿಕ್ಕೆ ಬಾಗಿಲು ತೆರೆದರೆ ಸಾಕು. ವಾರಗಟ್ಟಲೆ ಗೋದಾಮು ಮಾಡ್ರಿ ಅಂತ ನಾನು ಹೇಳುವುದಿಲ್ಲ. ಹಂಗ ಮಾಡಿದರೆ ಇಲಿ ಬರುತ್ತವೆ, ಜಗಳವೂ ಬರುತ್ತದೆ.

ನಾನು ಹೇಳೋದು ಇಷ್ಟು

ಒಂದು, ಭವನ ಪಂಚಾಯತಿಯ ಆಸ್ತಿ ವಹಿಯಲ್ಲಿ ದಾಖಲಾಗಲಿ. ಯಾರ ಕಾಲದಾಗ ಕಟ್ಟಿದರೂ ಅದು ಊರಿನದು.

ಎರಡು, ಕೀಲಿಕೈ ಮೂರು ಇರಲಿ. ಒಂದು ಪಂಚಾಯತಿಯಲ್ಲಿ, ಒಂದು ಹೆಣ್ಣುಮಕ್ಕಳ ಸಂಘದಲ್ಲಿ, ಒಂದು ಭವನದ ಬಾಜೂ ಮನಿಯಲ್ಲಿ. ಯಾವ ಕೇರಿಯವರು ಕೇಳಿದರೂ ಕೊಡಬೇಕು. "ಇವರಿಗೆ ಕೊಡಂಗಿಲ್ಲ" ಅನ್ನುವ ಮಾತು ಬಂದ ದಿನ ಅದು ಸಮುದಾಯ ಭವನ ಅಲ್ಲ.

ಮೂರು, ಬಾಡಿಗಿ ದರ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲಿ. ಮದುವಿಗೆ ಇಷ್ಟು, ಕುಬುಸಕ್ಕೆ ಇಷ್ಟು, ತಿಥಿಗೆ ಇಷ್ಟು. ಬೀಜ ಗೊಬ್ಬರದ ಸಭೆಗೆ, ಸಂಘದ ಸಭೆಗೆ, ಓದುವ ಹುಡುಗರಿಗೆ ಪುಕ್ಕಟೆ. ಜಮಾ ಖರ್ಚು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು, ಅದು ಇದೇ ಭವನದಾಗ ಆಗಲಿ.

ನಾಲ್ಕು, ಹೊಸದಾಗಿ ಕಟ್ಟುವ ಊರಿನವರು ಒಳಗಿನ ಹಾಲ್ ಸಣ್ಣದು ಮಾಡಿ ಹೊರಗಿನ ಪಡಸಾಲಿ ದೊಡ್ಡದು ಮಾಡ್ರಿ. ಪಡಸಾಲಿಗೆ ಬಾಗಿಲು ಬ್ಯಾಡ. ಕೂಡಲಿಕ್ಕೆ ಉದ್ದನ ಕಟ್ಟಿ ಇರಲಿ. ಬರೇ ಸ್ಲ್ಯಾಬು ಹಾಕಿದ ಹಾಲಿನಾಗ ಬ್ಯಾಸಗಿಯಾಗ ಕೂಡಲಿಕ್ಕೆ ಆಗೋದಿಲ್ಲ, ಮಾತಾಡಿದರೆ ದನಿ ಗುಂಯ್ ಅಂತದ. ಮುದುಕರು ಹತ್ತಲಿಕ್ಕೆ ಮೆಟ್ಟಿಲಿನ ಬಾಜೂಕ ಇಳಿಜಾರು ಇರಲಿ.

ಐದು, ವಾರಕ್ಕೊಂದು ದಿನ ಗೊತ್ತು ಮಾಡ್ರಿ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಈಗ ಟ್ರ್ಯಾಕ್ಟರಿಗೆ ವಾರ ಇಲ್ಲ ಖರೆ, ಆದರೂ ಸೋಮವಾರ ಸಂಜೆ ಒಂದು ತಾಸು ಭವನದ ಬಾಗಿಲು ತೆರೆದು ಕೂಡೋಣ. ಯಾವ ಬೀಜ ಹುಟ್ಟಿತು, ಯಾವುದು ಹುಟ್ಟಲಿಲ್ಲ, ಹುಬ್ಬಳ್ಳಿ ಪ್ಯಾಟಿಯಾಗ ದರ ಏನೈತಿ, ಬೆಳೆ ವಿಮೆ ತುಂಬುವ ದಿನ ಯಾವುದು, ಕೆರಿ ಕಾಲುವಿ ಯಾವಾಗ ಕೆತ್ತಬೇಕು, ಇಷ್ಟು ಮಾತಾಡಿದರೂ ಊರಿಗೆ ಲಾಭ ಐತಿ.

"ಇದೆಲ್ಲಾ ಈಗ ಮೊಬೈಲಿನಾಗ ವಾಟ್ಸಾಪ್ ಗುಂಪಿನಾಗ ಆಗ್ತದಲ್ಲ" ಅಂತ ನಮ್ಮ ಮಗಳೇ ಕೇಳಿದಳು. ದರ ಗೊತ್ತಾಗುತ್ತದೆ ತಂಗಿ, ಒಪ್ಪಿದೆ. ಆದರೆ ಗುಂಪಿನಾಗ ಸಿಟ್ಟು ಬಂದವ ಹೊರಗ ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ಕಟ್ಟಿ ಮೇಲೆ ಸಿಟ್ಟು ಬಂದವ ಎದ್ದು ಹೋಗಿ, ಎಲಿ ಅಡಕಿ ಹಾಕಿಕೊಂಡು, ಮತ್ತೆ ಬಂದು ಕೂಡುತ್ತಾನೆ. ಬದುವಿನ ಜಗಳ ಮುಗಿಯೋದು ಅವ ತಿರುಗಿ ಬಂದು ಕೂತಾಗ. ಅದು ಆಗದಕ್ಕೇ ಇವತ್ತು ಒಂದು ಮೊಳ ಬದುವಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಅಡ್ಡಾಡಿ ಎಕರೆ ಮಾರುತ್ತಾರೆ.

"ಭವನ ತೆರೆದರೆ ರಾಜಕೀಯ ಬರ್ತದ" ಅನ್ನುವವರೂ ಇದ್ದಾರೆ. ಬರಲಿ. ಈಗ ಧಾಬಾದಾಗ ರಾತ್ರಿ ನಡೆಯುವ ರಾಜಕೀಯ ಎಲ್ಲಾರ ಮುಂದೆ, ಹೆಣ್ಣುಮಕ್ಕಳ ಮುಂದೆ, ಕುಡಿಯದೇ ನಡೆಯಲಿ. ಅಷ್ಟಾದರೂ ಸುಧಾರಣೆ.

ಅರ್ಜಿಗೆ ಸಹಿ ಮಾಡದ್ದಕ್ಕೆ ನನ್ನ ಮೇಲೆ ಕೆಲವರು ಸಿಟ್ಟಾಗಿದ್ದಾರೆ. ಮೊನ್ನೆ ಬದುವಿನ ಮೇಲೆ ಆ ಹಿರಿಯರಿಗೆ ಈ ಐದು ಮಾತು ಓದಿ ಹೇಳಿದೆ. ಅವರು ಕೇಳಿ, "ಎಲ್ಲಾ ಬರೋಬ್ಬರಿ ಅದಾವ. ಆದರ ಮೂರನೇ ಕೀಲಿಕೈ ಬಾಜೂ ಮನ್ಯಾಗ ಬ್ಯಾಡ, ನಮ್ಮ ಕೇರಿಯಾಗ ಇರಲಿ. ಆವಾಗ ನಾ ಬಂದು ಕೂಡತೀನಿ" ಅಂದರು. ನಾನು ಬರೆದದ್ದರಲ್ಲಿ ತಪ್ಪು ಎಲ್ಲಿತ್ತು ಅಂತ ಆವಾಗ ಗೊತ್ತಾಯಿತು. ಭವನದ ಬಾಜೂ ಮನಿ ಯಾರ ಓಣಿಯಾಗ ಐತಿ ಅಂತ ನಾನು ವಿಚಾರ ಮಾಡಿರಲಿಲ್ಲ. ಅವರ ಮಾತನ್ನೇ ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳುವವನಿದ್ದೇನೆ. ಎಷ್ಟು ಮಂದಿ ಒಪ್ಪುತ್ತಾರೋ ನೋಡೋಣ.

ನಿಮ್ಮೂರ ಭವನದ ಕೀಲಿಕೈ ಯಾರ ಹತ್ರ ಐತಿ? ಸುಗ್ಗಿಗೆ ತೆರೆಯುತ್ತದೋ ಇಲ್ಲೋ? ಚಲೋ ನಡೆದ ಊರು ಇದ್ದರೆ ಹೆಂಗ ನಡೆಸುತ್ತೀರಿ, ಬಾಡಿಗಿ ಎಷ್ಟು, ಜಗಳ ಬಂದಾಗ ಏನು ಮಾಡಿದಿರಿ ಅಂತ ಪತ್ರಿಕೆಗೆ ಬರೆದು ತಿಳಿಸ್ರಿ. ನಾವು ಓದಿ ಕಲಿಯುತ್ತೇವೆ.